ಜರ್ಸಿ ಕೊಡಿಸಿದವರ ಮಗಳು

ನಮ್ಮ ಜಿಲ್ಲೆಯ ಸೈಕ್ಲಿಂಗ್ ಹುಡುಗರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಮೇಲಲ್ಲ, ಅವರ ಅವ್ವ-ಅಪ್ಪಂದಿರ ಮೇಲೆ. ಬಾಗಲಕೋಟೆ, ವಿಜಯಪುರದ ಕಡೆ ನಸುಕಿನಲ್ಲಿ ಬಸ್ಸು ಹಿಡಿದರೆ ರಸ್ತೆಯ ಅಂಚಿಗೆ ಸಾಲಾಗಿ, ತಲೆ ಬಗ್ಗಿಸಿ ತುಳಿಯುತ್ತಿರುವ ಹುಡುಗ ಹುಡುಗಿಯರು ಸಿಗುತ್ತಾರೆ. ರಾಷ್ಟ್ರಮಟ್ಟದ ಎಷ್ಟೋ ಪದಕಗಳು ಈ ರಸ್ತೆಗಳ ಮೇಲೆಯೇ ಹುಟ್ಟಿವೆ. ಅವರಲ್ಲಿ ಯಾರು ಮುಂದು, ಯಾರು ಹಿಂದು ಎಂದು ಹೇಳುವುದು ಸ್ಟಾಪ್‌ವಾಚು. ಅದಕ್ಕೆ ಬೀಗರಿಲ್ಲ, ಜಾತಿಯಿಲ್ಲ, ಯಾರ ಮನೆಯ ಮದುವೆಯಲ್ಲಿ ಉಂಡ ಋಣವೂ ಇಲ್ಲ. ಕುಸ್ತಿಯೂ ಅಷ್ಟೆ. ಜಾತ್ರೆಯ ಕಣದಲ್ಲಿ ಯಾರ ಬೆನ್ನು ಮಣ್ಣಿಗೆ ಹತ್ತಿತು ಅನ್ನುವುದನ್ನು ಊರಿಗೆ ಊರೇ ನೋಡಿರುತ್ತದೆ. ಪಂಚರು ತಪ್ಪು ಹೇಳಿದರೆ ಹಲಗೆ ಬಾರಿಸುವವನೇ ಕೈ ನಿಲ್ಲಿಸಿ ಜಗಳಕ್ಕೆ ಬರುತ್ತಾನೆ.

ನಾನು ಖೋ ಖೋ ಆಡುವವಳ ತಾಯಿ. ನಮ್ಮ ದುಃಖವೇ ಬೇರೆ.

ಖೋ ಖೋ ತಂಡಕ್ಕೆ ಹನ್ನೆರಡು ಮಂದಿ, ಕಣಕ್ಕೆ ಇಳಿಯುವವರು ಒಂಬತ್ತು. ಉಳಿದ ಮೂವರಿಗೆ ನಮ್ಮ ಇಳಕಲ್ಲಿನ ಹುಡುಗಿಯರು ‘ಎಕ್ಸ್‌ಟ್ರಾ’ ಅನ್ನುತ್ತಾರೆ. ಹೊರಗೆ ಕೂತು ನೀರಿನ ಬಾಟಲಿ, ಎಲ್ಲರ ಚಪ್ಪಲಿ, ತಲೆಪಿನ್ನು ಕಾಯುವುದು ಅವರ ಕೆಲಸ. ಒಂಬತ್ತರಲ್ಲಿ ಬಂದರೂ ಗೆದ್ದಂತಲ್ಲ. ಚೇಸಿಂಗ್ ಮಾಡುವಾಗ ಎಂಟು ಮಂದಿ ಚೌಕಗಳಲ್ಲಿ ಒಬ್ಬರ ಮುಖ ಅತ್ತ, ಒಬ್ಬರ ಮುಖ ಇತ್ತ ಮಾಡಿ ಕೂತಿರುತ್ತಾರೆ, ಒಬ್ಬಳು ಅಟ್ಟಿಸಿಕೊಂಡು ಹೋಗುತ್ತಾಳೆ. ಅಲ್ಲಿ ಎಲ್ಲರಿಗೂ ಪಾಲುಂಟು. ರನ್ನಿಂಗ್ ಮಾತ್ರ ಮೂರು ಮೂರು ಜನರ ಬ್ಯಾಚು. ಮೊದಲ ಮೂವರು ಔಟಾದ ಮೇಲೆ ಮುಂದಿನ ಮೂವರು. ದೊಡ್ಡವರಿಗೆ ಒಂದು ಸರದಿ ಒಂಬತ್ತು ನಿಮಿಷ, ಸಣ್ಣವರಿಗೆ ಏಳು. ಮೊದಲ ಎರಡು ಬ್ಯಾಚಿನವರು ಚಲೋ ಓಡಿಬಿಟ್ಟರೆ ಮೂರನೆಯ ಬ್ಯಾಚಿನವರಿಗೆ ಸಮಯವೇ ಉಳಿಯುವುದಿಲ್ಲ. ಅಂದರೆ ಕಣದ ಗೆರೆಯ ಪಕ್ಕ ಸಜ್ಜಾಗಿ ನಿಂತೂ ರನ್ನಿಂಗ್‌ನಲ್ಲಿ ಒಂದು ಹೆಜ್ಜೆ ಓಡದೆ ಮನೆಗೆ ಬರಬಹುದು. ಹನ್ನೆರಡರಲ್ಲಿ ಯಾರು, ಒಂಬತ್ತರಲ್ಲಿ ಯಾರು, ಎಷ್ಟನೆಯ ಬ್ಯಾಚಿನಲ್ಲಿ ಯಾರು ಎಂಬ ಈ ಮೂರೂ ತೀರ್ಮಾನ ಪಿ.ಇ. ಸರ್ ಒಬ್ಬರ ತಲೆಯೊಳಗೇ ನಡೆಯುತ್ತವೆ. ತಾಯಂದಿರಿಗೆ ಅನುಮಾನಪಡಲು ಇದಕ್ಕಿಂತ ಫಲವತ್ತಾದ ಭೂಮಿ ಬೇಕೆ?

ಮಗಳು ಎಂಟನೆಯ ತರಗತಿಯಲ್ಲಿದ್ದಾಗಿನ ಮಾತು. ವಲಯ ಮಟ್ಟದಲ್ಲಿ ಒಂಬತ್ತರಲ್ಲಿ ಒಬ್ಬಳಾಗಿ ಆಡಿದ್ದಳು, ತಂಡ ಗೆದ್ದಿತ್ತು. ತಾಲೂಕು ಮಟ್ಟದ ಆಟ ಹುನಗುಂದದಲ್ಲಿ. ಅಲ್ಲಿ ಗೆದ್ದರೆ ಬಾಗಲಕೋಟೆಯ ನವನಗರ, ಜಿಲ್ಲಾ ಕ್ರೀಡಾಂಗಣ. ಮನೆಯಲ್ಲಿ ಅವಳು ಆಗಲೇ ನವನಗರಕ್ಕೆ ಯಾವ ಬ್ಯಾಗು ಒಯ್ಯಬೇಕೆಂದು ನಿರ್ಧರಿಸಿಬಿಟ್ಟಿದ್ದಳು. ನಾನು ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಎರಿ ಮಣ್ಣಿನ ಮೈದಾನ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ನಾಲ್ಕು ಹುಡುಗರು ಬುಟ್ಟಿಯಲ್ಲಿ ಉಸುಕು ತಂದು ಕಂಬದ ಸುತ್ತ ಚೆಲ್ಲುತ್ತಿದ್ದರು, ಇನ್ನೊಬ್ಬ ಅಳಿಸಿಹೋದ ಸುಣ್ಣದ ಗೆರೆಯ ಮೇಲೆ ಮತ್ತೆ ಸುಣ್ಣ ಹಾಕುತ್ತಿದ್ದ.

ನಮ್ಮ ಶಾಲೆಯ ತಂಡ ಹೊಸ ಜರ್ಸಿ ಹಾಕಿಕೊಂಡು ಇಳಿಯಿತು. ತಿಳಿನೀಲಿ ಬಣ್ಣ, ಎದೆಯ ಮೇಲೆ ಶಾಲೆಯ ಹೆಸರು, ಬೆನ್ನ ಮೇಲೆ ಅದಕ್ಕಿಂತ ದೊಡ್ಡಕ್ಷರದಲ್ಲಿ ಒಂದು ಗೊಬ್ಬರದಂಗಡಿಯ ಹೆಸರು. ಜರ್ಸಿ ಕೊಡಿಸಿದವರು ಆ ಅಂಗಡಿಯವರೇ. ಅವರ ಮಗಳೂ ತಂಡದಲ್ಲಿದ್ದಳು. ವಲಯ ಮಟ್ಟದಲ್ಲಿ ಎಕ್ಸ್‌ಟ್ರಾ ಆಗಿದ್ದವಳು ಈಗ ಒಂಬತ್ತರಲ್ಲಿ ಒಬ್ಬಳು. ನಮ್ಮಾಕಿ ಚಪ್ಪಲಿಗಳ ಪಕ್ಕ.

ಖೋ ಕೊಡುವುದೆಂದರೆ ಕೂತವಳ ಬೆನ್ನು ಮುಟ್ಟಿ ಕೂಗುವುದಲ್ಲವೆ? ಆವತ್ತು ಬಿದ್ದ ಪ್ರತಿಯೊಂದು ಖೋ ಆ ಗೊಬ್ಬರದಂಗಡಿಯ ಹೆಸರಿನ ಮೇಲೆಯೇ ಬಿತ್ತು. ಬೇವಿನ ಗಿಡದ ಕೆಳಗೆ ಕೂತ ನಾವು ಮೂರ್ನಾಲ್ಕು ತಾಯಂದಿರು ಅದನ್ನು ನೋಡಿ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹುಡುಗಿ ಕೆಟ್ಟದಾಗಿ ಆಡಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಹಾಗೇನೂ ಆಡಲಿಲ್ಲ. ಚಲೋ ಅಂತಲೂ ಅಲ್ಲ, ನಡುವಿನದು. ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಸೋತದ್ದಕ್ಕೂ ಆಕೆಗೂ ಸಂಬಂಧ ಕಟ್ಟುವಂತಿರಲಿಲ್ಲ, ಆದರೂ ನಾವು ಬಸ್ಸಿನಲ್ಲಿ ಕಟ್ಟಿದೆವು.

ಮಗಳು ಅಳಲಿಲ್ಲ. ರೊಟ್ಟಿ ತಿಂದಳು, ಗೆಳತಿಯರ ಜೋಡಿ ಹಾಡು ಹೇಳಿದಳು. ರಾತ್ರಿ ಹಾಸಿಗೆ ಹಾಸುವಾಗ ಕೇಳಿದಳು, “ಅವ್ವಾ, ನಾವೂ ಜರ್ಸಿ ಕೊಡಸಬೇಕಿತ್ತೇನು?”

ಎಕ್ಸ್‌ಟ್ರಾ ಆಗಿ ಕೂತದ್ದು ನನಗೆ ದೊಡ್ಡದಲ್ಲ. ಯಾರಾದರೂ ಮೂವರು ಕೂಡಲೇಬೇಕು. ಹದಿಮೂರು ವರ್ಷದ ಹುಡುಗಿ ಜಾಗಕ್ಕೆ ರೇಟು ಕೇಳಿದಳಲ್ಲ, ಅದು ಮಾತ್ರ ಒಳಗೆ ಚುಚ್ಚಿತು. ಅನ್ಯಾಯ ಆಗಿದೆಯೋ ಇಲ್ಲವೋ, ಲೋಕ ಹೀಗೇ ನಡೆಯುತ್ತದೆ ಅನ್ನುವ ತೀರ್ಮಾನಕ್ಕಂತೂ ಅವಳು ಬಂದಾಗಿತ್ತು. ಅದನ್ನು ಹಾಗೆಯೇ ಬಿಟ್ಟರೆ ಮುಂದೆ ಅವಳು ಓಡುವುದಿಲ್ಲ, ಲೆಕ್ಕ ಹಾಕುತ್ತಾಳೆ.

ಸಲಹೆಗಳಿಗೇನು ಬರ! ನಮ್ಮವರದು ಸೀರೆ ವ್ಯಾಪಾರ. ಶಾಲೆಯ ಆಡಳಿತ ಮಂಡಳಿಯ ಒಬ್ಬ ಸದಸ್ಯರು ಅಂಗಡಿಯ ಹಳೆಯ ಗಿರಾಕಿ. “ಒಂದು ಫೋನ್ ಹಚ್ಚಿದ್ರ ಮುಗೀತು, ಸರ್ ನಾಳೀನ ಮನೀಗೆ ಬರ್ತಾರ” ಎಂದರು ನಮ್ಮವರು. ಅತ್ತೆ, “ಹೆಣ್ಣುಡುಗಿ, ಎಷ್ಟು ದಿನ ಓಡತೈತಿ ಬಿಡ್ರಿ” ಎಂದು ಒಂದೇ ಮಾತಿನಲ್ಲಿ ಆಟವನ್ನೂ ಅನ್ಯಾಯವನ್ನೂ ಮುಗಿಸಿದರು. ಪಕ್ಕದ ಮನೆಯಾಕಿ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಜರ್ಸಿಯ ಫೋಟೋ ಹಾಕಿ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಡು, ಮುಂದಿನದು ತಾನೇ ಆಗುತ್ತದೆ ಎಂದಳು. ಬಾದಾಮಿಯಲ್ಲಿರುವ ನಮ್ಮ ಸೋದರಮಾವ ನಿವೃತ್ತ ಕನ್ನಡ ಮಾಸ್ತರು. ಅವರಿಗೆ ಏನು ಹೇಳಿದರೂ ತಟ್ಟುಕೋಟೆಯ ಬಂಡೆಗೆ ಬಂದು ನಿಲ್ಲುತ್ತಾರೆ. ಅಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಸುಮಾರಿನದು, ಕನ್ನಡದ ಮೊದಮೊದಲ ತ್ರಿಪದಿಗಳು ಅದರಲ್ಲಿವೆ. ಒಳ್ಳೆಯವರಿಗೆ ಒಳ್ಳೆಯವನಾಗಿ, ಕಾಡಿದವರಿಗೆ ಯಮನಾಗಿದ್ದ ಒಬ್ಬ ವೀರನ ಹೊಗಳಿಕೆ. ನಾನು ಫೋನಿನಲ್ಲಿ ಕಥೆಯೆಲ್ಲ ಹೇಳಿದ ಮೇಲೆ ಮಾವ, “ತಂಗೀ, ನೀ ಅರಭಟ್ಟ ಆಗಬ್ಯಾಡ. ಬಂಡಿ ಮ್ಯಾಲ ಬರಿಸಿಕೊಳ್ಳೋ ಅಷ್ಟು ದೊಡ್ಡ ಜಗಳ ಅಲ್ಲ ಇದು. ಹೋಗಿ ಕೇಳು ಅಷ್ಟ” ಎಂದರು.

ಗಮನಿಸಿದರೆ, ಮಾವನದೊಂದು ಬಿಟ್ಟು ಉಳಿದದ್ದೆಲ್ಲ ವಶೀಲಿಯ ದಾರಿ, ಮಾನ ಕಳೆಯುವ ದಾರಿ, ಇಲ್ಲವೆ ಬಾಯಿ ಮುಚ್ಚುವ ದಾರಿ. ವಶೀಲಿಯಿಂದ ಹೋದ ಜಾಗವನ್ನು ವಶೀಲಿಯಿಂದಲೇ ತಿರುಗಿ ತರುವುದನ್ನು ನಾವು ನ್ಯಾಯ ಎಂದು ಕರೆಯುತ್ತೇವೆ. ನಮ್ಮ ಗಿರಾಕಿ ಫೋನ್ ಹಚ್ಚಿ ಮಗಳು ಒಂಬತ್ತರಲ್ಲಿ ಬಂದಿದ್ದರೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಂತೆ ಆಗುತ್ತಿತ್ತು: ಜರ್ಸಿ ಬೇಡ ಮಗಳೇ, ಫೋನ್ ನಂಬರ್ ಇದ್ದರೆ ಸಾಕು.

ಗುರು-ಶಿಷ್ಯರ ಈ ವ್ಯವಹಾರದಲ್ಲಿ ನಮ್ಮ ದೇಶಕ್ಕೇ ಒಂದು ವಿಚಿತ್ರ ಹಾಸ್ಯಪ್ರಜ್ಞೆಯಿದೆ. ಒಳ್ಳೆಯ ತರಬೇತುದಾರರಿಗೆ ಕೇಂದ್ರ ಸರ್ಕಾರ 1985ರಿಂದ ಕೊಡುತ್ತಿರುವ ಪ್ರಶಸ್ತಿಗೆ ದ್ರೋಣಾಚಾರ್ಯರ ಹೆಸರು. ಮೊದಲ ವರ್ಷ ಪಡೆದವರಲ್ಲಿ ಪಿ.ಟಿ. ಉಷಾ ಅವರನ್ನು ಬೆಳೆಸಿದ ಒ.ಎಂ. ನಂಬಿಯಾರ್ ಒಬ್ಬರು. ಒಳ್ಳೆಯ ಆಟಗಾರರಿಗೆ ನಮ್ಮ ಕರ್ನಾಟಕ ಸರ್ಕಾರ ಕೊಡುವುದು ಏಕಲವ್ಯ ಪ್ರಶಸ್ತಿ. ಬೆರಳು ಕೇಳಿದವರ ಹೆಸರಿನಲ್ಲಿ ಕೋಚಿಗೆ, ಕೊಟ್ಟವನ ಹೆಸರಿನಲ್ಲಿ ಆಟಗಾರನಿಗೆ! ಇಬ್ಬರೂ ಒಂದೇ ವೇದಿಕೆಯಲ್ಲಿ ಪಕ್ಕ ಪಕ್ಕ ಕೂತರೆ ಏನು ಮಾತಾಡಿಕೊಂಡಾರು ಎಂದು ನನಗೆ ಆಗಾಗ ಅನಿಸುತ್ತದೆ. ಏಕಲವ್ಯನ ಕಥೆಯಲ್ಲಿ ನನ್ನನ್ನು ಕಾಡುವುದು ಬೆರಳಿಗಿಂತ ಹೆಚ್ಚಾಗಿ ಅವನು ಒಂದು ಮಾತೂ ಕೇಳದೆ ಕೊಟ್ಟದ್ದು. ‘ಯಾಕೆ ಗುರುಗಳೆ?’ ಎಂದು ಕೇಳಿದ್ದರೆ ದ್ರೋಣರು ಏನಾದರೂ ಹೇಳಬೇಕಾಗುತ್ತಿತ್ತು. ಹೇಳಲು ಅವರ ಬಳಿ ಏನೂ ಇರಲಿಲ್ಲ.

ಈಗಿನವರು ಕೇಳುತ್ತಾರೆ. 2023ರ ಜುಲೈನಲ್ಲಿ ಏಷ್ಯನ್ ಗೇಮ್ಸ್ ಕುಸ್ತಿಗೆ ಬಜರಂಗ್ ಪುನಿಯಾ, ವಿನೇಶ್ ಫೋಗಟ್ ಇಬ್ಬರನ್ನೂ ಟ್ರಯಲ್ಸ್ ಇಲ್ಲದೆ ನೇರವಾಗಿ ಆರಿಸಿದಾಗ ಅಂತಿಮ್ ಪಂಘಾಲ್ ಮತ್ತು ಸುಜೀತ್ ಎಂಬ ಎಳೆಯರು ದೆಹಲಿ ಹೈಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು. ಅಂತಿಮ್ ಟ್ರಯಲ್ಸ್‌ನಲ್ಲಿ ಗೆದ್ದು ಸ್ಟ್ಯಾಂಡ್‌ಬೈ ಆಗಿ, ಅಂದರೆ ಎಕ್ಸ್‌ಟ್ರಾ ಆಗಿ, ಕಾದಳು. ವಿನೇಶ್ ಮೊಣಕಾಲಿಗೆ ಪೆಟ್ಟಾಗಿ ಹಿಂದೆ ಸರಿದಾಗ ಹಾಂಗ್‌ಝೌಗೆ ಹೋಗಿ ಕಂಚು ತಂದಳು. ಬಜರಂಗ್ ಬರಿಗೈಲಿ ಬಂದರು. ಅವರ ತೂಕದಲ್ಲಿ ಟ್ರಯಲ್ಸ್ ಗೆದ್ದಿದ್ದ ಹುಡುಗ ಸ್ಟ್ಯಾಂಡ್‌ಬೈ ಆಗಿಯೇ ಉಳಿದ. ಒಂದೇ ನಿಯಮ, ಒಬ್ಬಳಿಗೆ ಬಾಗಿಲು ತೆರೆಯಿತು, ಒಬ್ಬನಿಗೆ ತೆರೆಯಲಿಲ್ಲ. ನಮ್ಮ ಖೋ ಖೋದಲ್ಲೂ ಒಂದು ನಡೆಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ಆಯಿತಲ್ಲ, ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ನೇಪಾಳವನ್ನು ಸೋಲಿಸಿ ಗೆದ್ದವು. ನಮ್ಮ ರಾಜ್ಯದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಆ ತಂಡಗಳಲ್ಲಿದ್ದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಘೋಷಿಸಿತು, ಕರ್ನಾಟಕ ತಲಾ 5 ಲಕ್ಷ. ಇಬ್ಬರೂ ಆ 5 ಲಕ್ಷ ಬೇಡವೆಂದರು. ನನ್ನ ಮಗಳು ಆ ಸುದ್ದಿಯನ್ನು ಎರಡು ಸಲ ಓದಿಸಿ ಕೇಳಿದಳು. ಬೇಡ ಅಂತ ಎದುರಿಗೇ ಅನ್ನಬಹುದು ಎನ್ನುವುದು ಆಕೆಗೆ ಕಪ್ಪಿಗಿಂತ ದೊಡ್ಡ ಸುದ್ದಿಯಾಗಿತ್ತು.

ನಾನು ಸರ್ ಹತ್ತಿರ ಹೋದದ್ದು ಹುನಗುಂದದಿಂದ ಬಂದು ವಾರ ಕಳೆದ ಮೇಲೆ. ಆಟದ ದಿನ ಮೈದಾನದಲ್ಲಿ ಕೋಚನ್ನು ಕೇಳುವುದು ಕೇಳುವುದಲ್ಲ, ಹಾಯುವುದು. ಶನಿವಾರ ಬೆಳಗಿನ ಶಾಲೆ ಬಿಟ್ಟ ಹೊತ್ತು. ಸರ್ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತು ಮಧ್ಯಾಹ್ನದೂಟದ ಮೊಟ್ಟೆಯ ಲೆಕ್ಕ ಬರೆಯುತ್ತಿದ್ದರು. ಪಿ.ಇ. ಸರ್ ಅಂದರೆ ಪ್ರಾರ್ಥನೆ, ಪರೇಡು, ಮೊಟ್ಟೆ, ಚುನಾವಣೆ ಡ್ಯೂಟಿ, ಜಗಳ ಬಿಡಿಸುವುದು, ನಡುವೆ ಸಮಯ ಸಿಕ್ಕರೆ ಆಟ. “ನನ್ನ ಮಗಳನ್ನ ಯಾಕ ಆಡಸಲಿಲ್ಲ” ಎಂದು ನಾನು ಕೇಳಲಿಲ್ಲ. “ಒಂಬತ್ತು ಮಂದೀನ್ನ ಹೆಂಗ ಆರಸ್ತೀರಿ ಸರ?” ಎಂದೆ. ಮೊದಲಿನದಕ್ಕೆ ಉತ್ತರವಾಗಿ ಸಮಜಾಯಿಷಿ ಬರುತ್ತದೆ, ಎರಡನೆಯದಕ್ಕೆ ರೀತಿ ಹೇಳಬೇಕಾಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾನು ಕಲಿತದ್ದು ಇಷ್ಟು. ‘ನನ್ನ ಸಾಲ ಯಾಕೆ ಆಗಲಿಲ್ಲ’ ಅನ್ನುವವರಿಗಿಂತ ‘ಸಾಲಕ್ಕೆ ಏನೇನು ನೋಡುತ್ತೀರಿ’ ಅನ್ನುವವರಿಗೆ ನಾವು ಹೆಚ್ಚು ಹೆದರುತ್ತೇವೆ.

ಸರ್ ಒಳಗೆ ಹೋಗಿ ಒಂದು ನೂರು ಪುಟದ ನೋಟ್‌ಬುಕ್ ತಂದರು. ಹುಡುಗಿಯರ ಹೆಸರು, ಮುಂದೆ ದಿನಾಂಕ, ಪ್ರಾಕ್ಟೀಸಿನಲ್ಲಿ ಒಬ್ಬೊಬ್ಬರು ಎಷ್ಟು ಸೆಕೆಂಡ್ ಔಟಾಗದೆ ಓಡಿದರು ಎಂಬ ಲೆಕ್ಕ. ನೀಲಿ ಶಾಯಿ, ಅಲ್ಲಲ್ಲಿ ಬೆವರು ಬಿದ್ದು ಹರಡಿದೆ. ಮೊದಲ ಏಳು ಹೆಸರಿನ ಬಗ್ಗೆ ಯಾರೂ ತಕರಾರು ತೆಗೆಯುವಂತಿರಲಿಲ್ಲ. ಆಮೇಲಿನ ನಾಲ್ಕೈದು ಹೆಸರುಗಳ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ದಿನ ಇವಳು ಮುಂದು, ಒಂದು ದಿನ ಅವಳು. ನಮ್ಮಾಕಿ ಚೇಸಿಂಗ್‌ನಲ್ಲಿ ಚುರುಕು, ರನ್ನಿಂಗ್‌ನಲ್ಲಿ ನೇರ ಓಡಿ ಸಿಕ್ಕಿಬೀಳುತ್ತಾಳೆ. ಗೊಬ್ಬರದಂಗಡಿಯವರ ಮಗಳು ಅದರ ತಿರುಗಾಮುರುಗಾ.

“ಇವರೊಳಗ ಯಾರನ್ನ ಹಾಕಿದ್ರೂ ನಡೀತಿತ್ತು ಅಕ್ಕಾರ,” ಎಂದರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುವುತ್ತ ಕೂತರು. “ಜರ್ಸಿ ಕೊಟ್ಟಾರ ಅನ್ನೋದು ನನ್ನ ತಲ್ಯಾಗ ಇರ‍್ಲೇ ಇಲ್ಲ ಅಂತ ನಾ ಹೆಂಗ ಹೇಳ್ಲಿ? ಹೋದ ವರ್ಷ ಹುಡುಗ್ಯಾರು ಹರಕ ಅಂಗಿ ಹಾಕ್ಕೊಂಡು ಆಡಿದ್ರು.”

ಈ ಮಾತಿಗೆ ನಾನು ತಯಾರಾಗಿರಲಿಲ್ಲ. ಸುಳ್ಳು ಹೇಳಿದ್ದರೆ ಸಿಟ್ಟು ಮಾಡಬಹುದಿತ್ತು. ಅಂಕಿಗಳು ಸಮನಾಗಿರುವ ಕಡೆ ಮನುಷ್ಯನ ಮನಸ್ಸು ಎಲ್ಲಿ ವಾಲುತ್ತದೆ ಎಂದು ಅವರಿಗೆ ಗೊತ್ತಿತ್ತು, ಹೇಳಿಯೂ ಬಿಟ್ಟರು. ಅನ್ಯಾಯ ಅನ್ನುವುದಾದರೆ ಅದು ಇಷ್ಟೇ ಅಗಲದ್ದು, ಒಂದೆರಡು ಸೆಕೆಂಡಿನ ಸಂದಿಯಲ್ಲಿ ಹೊಕ್ಕದ್ದು. ಆದರೆ ಎಕ್ಸ್‌ಟ್ರಾ ಆಗಿ ಕೂತವಳಿಗೆ ಆ ಸಂದಿಯ ಅಳತೆ ಕಾಣುವುದಿಲ್ಲ, ಬೆನ್ನ ಮೇಲಿನ ಹೆಸರು ಕಾಣುತ್ತದೆ. ಆಯ್ಕೆಗೆ ಮೊದಲು ಈ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಿರಿ, ಸಮ ಬಂದವರಿಗೆ ಮತ್ತೊಂದು ಟ್ರಯಲ್ ಇಡಿರಿ ಎಂದೆ. ಮಗಳಿಗೆ ಜಾಗ ಕೊಡಿರಿ ಅನ್ನಲಿಲ್ಲ. ಜರ್ಸಿಯ ಹೆಸರು ಬೆನ್ನಿನಿಂದ ತೋಳಿಗೆ ಇಳಿಸಿದರೆ ಹೆಂಗ ಎಂದೂ ಕೇಳಿದೆ. ಅದಕ್ಕೆ ಅವರು ನಕ್ಕರು. “ಅಷ್ಟು ಸಣ್ಣಕ್ಷರಕ್ಕ ಯಾರು ರೊಕ್ಕ ಕೊಡ್ತಾರ ಅಕ್ಕಾರ?”

ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹುಡುಗಿಯರ ಜನ್ಮದಿನಾಂಕಗಳಿದ್ದವು. ಅರ್ಧಕ್ಕರ್ಧ ಜೂನ್ 1. ನಮ್ಮ ಕಡೆ ಹೇಗೆಂದು ನಿಮಗೆ ಗೊತ್ತು. ಶಾಲೆಗೆ ಹೆಸರು ಹಚ್ಚುವಾಗ ತಾಯಿ “ಸಜ್ಜಿ ಕೊಯ್ಯೂ ಮುಂದ ಹುಟ್ಟಿದ್ದು ರೀ” ಎಂದರೆ ಮಾಸ್ತರು ಜೂನ್ 1 ಎಂದು ಬರೆದು ಮುಗಿಸುತ್ತಾರೆ. ಶಾಲಾ ಕ್ರೀಡೆಯಲ್ಲಿ ವಯಸ್ಸಿನ ಲೆಕ್ಕ ಡಿಸೆಂಬರ್ 31ಕ್ಕೆ. ಇಂಥ ಲೆಕ್ಕದ ತಾರೀಖಿನ ಮಹಿಮೆ ಏನೆಂದು 1985ರಲ್ಲಿ ಕೆನಡಾದ ರೋಜರ್ ಬಾರ್ನ್ಸ್‌ಲೀ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಐಸ್ ಹಾಕಿ ಆಟಗಾರರ ಪಟ್ಟಿ ಹಿಡಿದು ತೋರಿಸಿದರು. ಅಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ. ಮೇಲಿನ ತಂಡಗಳಲ್ಲಿ ನೋಡಿದರೆ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ಹೆಚ್ಚು. ಒಂಬತ್ತು-ಹತ್ತರ ವಯಸ್ಸಿನಲ್ಲಿ ಹತ್ತು ತಿಂಗಳು ದೊಡ್ಡವನಾದ ಹುಡುಗ ಎತ್ತರ ಇರುತ್ತಾನೆ, ಕೋಚ್ ಅದನ್ನೇ ಪ್ರತಿಭೆ ಎಂದುಕೊಳ್ಳುತ್ತಾನೆ, ಆರಿಸುತ್ತಾನೆ, ಹೆಚ್ಚು ಆಡಿಸುತ್ತಾನೆ. ಐದು ವರ್ಷದಲ್ಲಿ ಅದು ನಿಜವಾದ ಪ್ರತಿಭೆಯೇ ಆಗಿಬಿಡುತ್ತದೆ. ಯಾರೂ ಲಂಚ ತಿಂದಿಲ್ಲ, ಯಾರೂ ಜರ್ಸಿ ಕೊಡಿಸಿಲ್ಲ. ಕೆನಡಾದಲ್ಲಿ ಹುಟ್ಟಿದ ದಿನವಾದರೂ ಖರೆ ಇರುತ್ತದೆ. ನಮ್ಮಲ್ಲಿ ಎಂಟನೆಯ ತರಗತಿಯ ಹುಡುಗಿ ಹತ್ತನೆಯವಳ ಜೋಡಿ ಒಂದೇ ಪ್ರೌಢಶಾಲಾ ತಂಡದ ಜಾಗಕ್ಕೆ ಪೈಪೋಟಿ ಮಾಡಬೇಕು, ಮೇಲೆ ಆ ಹತ್ತನೆಯವಳ ಜೂನ್ 1 ಯಾವ ವರ್ಷದ್ದೋ ದೇವರಿಗೇ ಗೊತ್ತು. ಕ್ರಿಕೆಟ್ ಮಂಡಳಿಯವರು ಹುಡುಗರ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆ. ಇಳಕಲ್ಲಿನ ಪಿ.ಇ. ಸರ್ ಕೈಯಲ್ಲಿ ಇರುವುದು ಒಂದು ಸೀಟಿ.

ಮಗಳಿಗೆ ನಾನು ಜರ್ಸಿಯ ಮಾತನ್ನು ಮುಚ್ಚಿಡಲಿಲ್ಲ. ಸರ್ ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ರನ್ನಿಂಗ್ ಚಲೋ ಮಾಡಿದ್ರ ಅವರಿಗೆ ದಾರಿ ಉಳಿಯಂಗಿಲ್ಲ” ಎಂದಳು. ಮಾರನೆಯ ದಿನ ತಾನೇ ಹೋಗಿ ಸರ್ ಹತ್ತಿರ ರಿಂಗ್ ಆಡುವುದನ್ನು ಹೇಳಿಸಿಕೊಂಡು ಬಂದಳು. ಕೂತವರ ನಡುವೆ ಹಾವಿನಂತೆ ನುಸುಳುತ್ತ ಹೋಗುವುದು ಚೈನ್. ಒಂದು ಕಡೆ ಸುತ್ತು ಹೊಡೆಯುತ್ತ ಅಟ್ಟುವವಳ ದಿಕ್ಕು ತಪ್ಪಿಸುವುದು ರಿಂಗ್. ಅಟ್ಟುವವಳು ನಡುವೆಯೇ ತಿರುಗಿ ಬರುವಂತಿಲ್ಲ, ನಡುವಿನ ಗೆರೆ ದಾಟುವಂತಿಲ್ಲ. ಓಡುವವಳಿಗೆ ಎರಡೂ ಉಂಟು. ನಮ್ಮ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ, ನೀರಿನ ಕೊಡ, ಅತ್ತೆಯ ಎಲೆಯಡಿಕೆ ಚೀಲ ಎಲ್ಲ ಸಾಲಾಗಿ ಚೇಸರುಗಳಾದವು. ಅತ್ತೆ ಬೈಯುತ್ತಲೇ ಒಂದು ಸ್ಟೂಲಿನ ಮೇಲೆ ಕೂತು ಎಂಟನೆಯ ಚೇಸರ್ ಆದರು.

ಈ ವರ್ಷ ನೋಟಿಸ್ ಬೋರ್ಡಿಗೆ ಪಟ್ಟಿ ಬಂತು. ಸೆಕೆಂಡ್ ಲೆಕ್ಕ, ದಿನಾಂಕ, ಎರಡು ಸಲದ ಟ್ರಯಲ್, ಎಲ್ಲ. ಮಗಳು ಒಂಬತ್ತರಲ್ಲಿ, ಅದೂ ಎರಡನೆಯ ಬ್ಯಾಚಿನಲ್ಲಿ. ಅವತ್ತು ರಾತ್ರಿ ಇನ್ನೊಬ್ಬ ತಾಯಿಯ ಫೋನ್. ಅವರ ಮಗಳು ಈ ಸಲ ಎಕ್ಸ್‌ಟ್ರಾ.

“ಅಕ್ಕಾರ, ನೀವು ಹೋದ ವರ್ಷ ಸರಗ ಭೆಟ್ಟಿ ಆಗಿದ್ರಂತಲ್ರಿ?”

ಆಗಿದ್ದೆ ಎಂದೆ. ಏನು ಮಾತಾಯಿತೆಂದು ಹೇಳಿದೆ. ಬೋರ್ಡಿಗೆ ಹಚ್ಚಿದ ಲೆಕ್ಕ ನೋಡಿರಿ, ಸಾಲದಿದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ನೋಟ್‌ಬುಕ್ಕನ್ನೇ ತೋರಿಸಿರಿ ಎಂದು ಕೇಳಿರಿ, ತೋರಿಸುತ್ತಾರೆ ಎಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಆಕೆ ಕೇಳಿದಳು, “ಅಲ್ರೀ, ಆ ನೋಟ್‌ಬುಕ್ ಬರಿಯಾವ್ರೂ ಅವರ ಅಲ್ಲೇನ್ರಿ?”